ಅದುರುವ ಎಂಜಿನನ್ನು ಚಾಸಿಗೆ ಕಟ್ಟುವುದು ಹೇಗೆ? ಹಳೆಯ ಮತ್ತು ಹೊಸ ಕ್ರೂಸರ್‌ಗಳ ನಡುವಿನ ವ್ಯತ್ಯಾಸ

ಕ್ರೂಸರ್ ಬೈಕ್‌ಗಳನ್ನು ಹೋಲಿಸುವವರು ಅದುರಾಟವನ್ನು ಒಂದು ಸಾಲಿನಲ್ಲಿ, ಹ್ಯಾಂಡ್ಲಿಂಗನ್ನು, ಅಂದರೆ ಬೈಕು ಸವಾರನ ಮಾತು ಕೇಳುವ ರೀತಿಯನ್ನು, ಇನ್ನೊಂದು ಸಾಲಿನಲ್ಲಿ ಬರೆದು ಎರಡಕ್ಕೂ ಬೇರೆ ಬೇರೆ ಅಂಕ ಕೊಡುತ್ತಾರೆ. ಹಳೆಯದು ಕೈಗೆ ಜೋಮು ಹಿಡಿಸುತ್ತಿತ್ತು, ತಿರುವಿನಲ್ಲಿ ತೂರಾಡುತ್ತಿತ್ತು. ಹೊಸದು ಎರಡರಲ್ಲೂ ವಾಸಿ ಎಂಬಲ್ಲಿಗೆ ಮಾತು ಮುಗಿಯುತ್ತದೆ. ತೀರ್ಪು ಬಹುಪಾಲು ಸರಿಯೇ. ಆದರೆ ಈ ಎರಡೂ ಗುಣಗಳು ಒಟ್ಟೊಟ್ಟಿಗೆ ಏಕೆ ಸುಧಾರಿಸಿದವು ಎಂಬುದು ಅದರಿಂದ ತಿಳಿಯುವುದಿಲ್ಲ. ಕ್ರೂಸರ್‌ನ ಮಟ್ಟಿಗೆ ಅದುರಾಟವೂ ಹ್ಯಾಂಡ್ಲಿಂಗೂ ಒಂದೇ ಸಮಸ್ಯೆಯಿಂದ ಹುಟ್ಟುತ್ತವೆ. ಎಂಜಿನ್ ಜೋರಾಗಿ ಅದುರುವುದಾದರೆ ಅದನ್ನು ಚಾಸಿಗೆ, ಅಂದರೆ ಬೈಕಿನ ಚೌಕಟ್ಟಿಗೆ, ಬಿಗಿಯಾಗಿ ಕಟ್ಟುವುದು ಕಷ್ಟ. ಬಿಗಿಯಾಗಿ ಕಟ್ಟದಿದ್ದರೆ ಚಾಸಿಯೇ ಸಡಿಲ. ಈ ಗಂಟನ್ನು ಬಿಡಿಸಲು ಬೇರೆ ಬೇರೆ ಕಾಲದಲ್ಲಿ ಹಿಡಿದ ದಾರಿಗಳೇ ಹಳೆಯ ಮತ್ತು ಹೊಸ ಬೈಕ್‌ಗಳ ನಡುವಿನ ನಿಜವಾದ ವ್ಯತ್ಯಾಸ.

ಅದುರಾಟ ಎಲ್ಲಿಂದ ಬರುತ್ತದೆ? ಸಿಲಿಂಡರಿನೊಳಗೆ ಪೆಟ್ರೋಲ್ ಉರಿದಾಗ ಬೀಳುವ ಏಟೇ ಕಾರಣ ಎಂದು ಅನೇಕರು ತಿಳಿದಿದ್ದಾರೆ. ಆ ಏಟಿನ ಪಾತ್ರ ಇದೆ, ಆದರೆ ದೊಡ್ಡ ಪಾಲು ಪಿಸ್ಟನ್ನಿನ ಓಡಾಟದ್ದು. ಮೇಲಕ್ಕೆ ಹೋದ ಪಿಸ್ಟನ್ ನಿಂತು, ದಿಕ್ಕು ಬದಲಿಸಿ, ಕೆಳಕ್ಕೆ ಬಂದು, ಮತ್ತೆ ನಿಂತು ಮೇಲೇರಬೇಕು. ಹೀಗೆ ಅದನ್ನು ನಿಲ್ಲಿಸಿ ತಿರುಗಿಸಲು ಬೇಕಾದ ಬಲವನ್ನು ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿಸುವ ದಂಡ) ಕೊಡುತ್ತದೆ, ಅದರ ಪ್ರತಿಬಲ ಇಡೀ ಎಂಜಿನ್ನನ್ನು ಅಲುಗಿಸುತ್ತದೆ. ಒಂದು ಲೆಕ್ಕ ನೋಡಿ. ಪಿಸ್ಟನ್ ಮತ್ತು ಅದರ ಜೊತೆ ಓಡಾಡುವ ಭಾಗಗಳ ತೂಕ ಅರ್ಧ ಕಿಲೋ, ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಕ್ಕೆ ಓಡುವ ದೂರ) 100 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತಿನಲ್ಲಿ, ಈ ಬಲ ಸುಮಾರು 2500 ನ್ಯೂಟನ್ ಆಗುತ್ತದೆ. ಅಂದರೆ 250 ಕಿಲೋ ಭಾರವನ್ನು ಸೆಕೆಂಡಿಗೆ 50 ಸಲ ಮೇಲಕ್ಕೂ ಕೆಳಕ್ಕೂ ಎಳೆದಾಡಿದಷ್ಟು.

ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆರ್‌ಪಿಎಂ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಹಳೆಯ ಬೈಕಿನವರು ಹೇಳುವ ಒಂದು ಮಾತಿನ ಅರ್ಥ ಇಲ್ಲಿದೆ: ಗಂಟೆಗೆ 60 ಕಿಲೋಮೀಟರಿನಲ್ಲಿ ಹಿತವಾಗಿರುವ ಬೈಕು 90ಕ್ಕೆ ಏರಿದ ಕೂಡಲೇ ಬೇರೆಯೇ ಯಂತ್ರವಾಗುತ್ತದೆ. ವೇಗ ಏರಿದ್ದು ಒಂದೂವರೆ ಪಟ್ಟು. ಅದುರಿಸುವ ಬಲ ಏರಿದ್ದು ಎರಡೂಕಾಲು ಪಟ್ಟು. ಉದ್ದ ಸ್ಟ್ರೋಕಿನ, ಭಾರವಾದ ಪಿಸ್ಟನ್ನಿನ ಹಳೆಯ ಎಂಜಿನ್ನುಗಳನ್ನು ನಿಧಾನವಾಗಿ ತಿರುಗಲೆಂದೇ ಮಾಡಿದ್ದರು. ಅವು ಬೇಸರ ತರಿಸುವುದು ಇಂದಿನ ಹೆದ್ದಾರಿಯ ವೇಗವನ್ನು ಅವುಗಳಿಂದ ಬಯಸಿದಾಗ.

ಕ್ರ್ಯಾಂಕಿನ ಎದುರು ಬದಿಗೆ ತೂಕ ಸೇರಿಸಿ ಇದನ್ನು ತಗ್ಗಿಸಬಹುದು. ಆದರೆ ಪಿಸ್ಟನ್ ಮೇಲೆ ಕೆಳಗೆ ಮಾತ್ರ ಓಡಾಡುತ್ತದೆ, ಕ್ರ್ಯಾಂಕಿನ ತೂಕ ಸುತ್ತುತ್ತದೆ. ಪಿಸ್ಟನ್ನಿಗೆ ಪೂರ್ತಿ ಸರಿಹೊಂದುವಷ್ಟು ತೂಕ ಹಾಕಿದರೆ ಮೇಲೆ-ಕೆಳಗಿನ ಅದುರಾಟ ಹೋಗಿ, ಅಷ್ಟೇ ಬಲ ಹಿಂದೆ-ಮುಂದೆ ಅದುರಿಸತೊಡಗುತ್ತದೆ. ಹಾಗಾಗಿ ಒಂದೇ ಸಿಲಿಂಡರಿನ ಬೈಕ್‌ಗಳಲ್ಲಿ ಅರ್ಧದ ಆಸುಪಾಸು ತೂಕ ಹಾಕಿ ಎರಡೂ ದಿಕ್ಕಿಗೆ ಹಂಚುತ್ತಿದ್ದರು. ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್‌ನಂತಹ ಎಂಜಿನ್ನುಗಳ ಸ್ವಭಾವ ಇದೇ. ಕ್ರ್ಯಾಂಕಿನ ಜೊತೆ ತಿರುಗುವ ಭಾರವಾದ ಚಕ್ರ, ಅಂದರೆ ಫ್ಲೈವೀಲ್, ಅದುರಾಟವನ್ನು ನುಂಗುತ್ತದೆ ಎಂಬ ನಂಬಿಕೆಯೂ ಇದೆ. ಫ್ಲೈವೀಲ್ ಮಾಡುವ ಕೆಲಸ ಬೇರೆ: ಎರಡು ಉರಿಯುವಿಕೆಗಳ ನಡುವೆ ತಿರುಗುವ ವೇಗ ಕುಸಿಯದಂತೆ ನೋಡಿಕೊಳ್ಳುತ್ತದೆ. ಮೇಲಿನ ಗೇರಿನಲ್ಲಿ ನಿಧಾನವಾಗಿ ಸಾಗುವಾಗ ಹಳೆಯ ಬೈಕು ಮುಗ್ಗರಿಸದೆ ನಡೆಯುವುದು ಅದರ ಪುಣ್ಯ. ಪಿಸ್ಟನ್ನಿನ ಎಳೆದಾಟದ ಮೇಲೆ ಅದಕ್ಕೆ ಯಾವ ಹಿಡಿತವೂ ಇಲ್ಲ.

ಇನ್ನು ಕ್ರೂಸರ್‌ನ ಗುರುತೇ ಆಗಿಹೋಗಿರುವ ವಿ-ಟ್ವಿನ್, ಅಂದರೆ ಎರಡು ಸಿಲಿಂಡರುಗಳು V ಆಕಾರದಲ್ಲಿ ನಿಂತ ಎಂಜಿನ್. ಎರಡು ಸಿಲಿಂಡರುಗಳ ನಡುವೆ 90 ಡಿಗ್ರಿ ಕೋನವಿದ್ದರೆ ಕ್ರ್ಯಾಂಕಿನ ತೂಕವೊಂದರಿಂದಲೇ ಮುಖ್ಯ ಅದುರಾಟ ಪೂರ್ತಿ ರದ್ದಾಗುತ್ತದೆ. ಇದು ಗಣಿತ ಉಚಿತವಾಗಿ ಕೊಟ್ಟ ವರ. ಆದರೆ 90 ಡಿಗ್ರಿ ಎಂಜಿನ್ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಚಾಸಿಯೊಳಗೆ ಕೂರಿಸುವುದು ತಲೆನೋವು. ಹಾರ್ಲೆ-ಡೇವಿಡ್ಸನ್‌ನ ಸಾಂಪ್ರದಾಯಿಕ ಕೋನ 45 ಡಿಗ್ರಿ. ಪಿಸ್ಟನ್‌ಗಳನ್ನು ಕ್ರ್ಯಾಂಕಿಗೆ ಜೋಡಿಸುವ ಎರಡೂ ಕನೆಕ್ಟಿಂಗ್ ರಾಡ್‌ಗಳು ಒಂದೇ ಕ್ರ್ಯಾಂಕ್ ಪಿನ್ನಿನ ಮೇಲೆ, ಒಂದರ ಕವಲಿನೊಳಗೆ ಇನ್ನೊಂದು ಸೇರಿಕೊಂಡು ಕೂರುತ್ತವೆ. ಎರಡು ಸಿಲಿಂಡರುಗಳೂ ಒಂದೇ ನೇರದಲ್ಲಿ ಇರುವುದರಿಂದ ಎಂಜಿನ್ ಅತ್ತಿತ್ತ ಹೊರಳುವುದಿಲ್ಲ, ಇದು ಲಾಭ. ನಷ್ಟವೆಂದರೆ, ಕ್ರ್ಯಾಂಕಿಗೆ ಎಷ್ಟೇ ಜಾಣತನದಿಂದ ತೂಕ ಸೇರಿಸಿದರೂ ಒಂದು ಪಿಸ್ಟನ್ನಿನ ಬಲದ ಸುಮಾರು ಶೇ 70ರಷ್ಟು ಉಳಿದೇ ಉಳಿಯುತ್ತದೆ. ಜೊತೆಗೆ ಉರಿಯುವ ಲಯ ಕ್ರ್ಯಾಂಕಿನ ತಿರುಗಾಟದಲ್ಲಿ ಒಮ್ಮೆ 315 ಡಿಗ್ರಿಗೆ, ಮತ್ತೊಮ್ಮೆ 405 ಡಿಗ್ರಿಗೆ ಬೀಳುತ್ತದೆ. ಜನ ಮೆಚ್ಚುವ ಆ ಕುಂಟುನಡೆಯ ಸದ್ದು ಇದರಿಂದಲೇ ಬಂದದ್ದು.

ಹೋಂಡಾದವರು 1980ರ ದಶಕದಲ್ಲಿ ಇದಕ್ಕೆ ಬೇರೆ ದಾರಿ ಹಿಡಿದರು. ಎರಡು ರಾಡ್‌ಗಳಿಗೂ ಪ್ರತ್ಯೇಕ ಪಿನ್ ಕೊಟ್ಟು, ಅವುಗಳ ನಡುವೆ ಲೆಕ್ಕ ಹಾಕಿದ ಕೋನ ಇಟ್ಟರೆ ಕಿರಿದಾದ ವಿ-ಟ್ವಿನ್ನೂ 90 ಡಿಗ್ರಿಯದರಷ್ಟೇ ಸಮತೋಲ ಪಡೆಯುತ್ತದೆ. 180ರಿಂದ ಸಿಲಿಂಡರ್ ಕೋನದ ಎರಡರಷ್ಟನ್ನು ಕಳೆದರೆ ಆ ಕೋನ ಸಿಗುತ್ತದೆ. ಹೋಂಡಾದ ಶ್ಯಾಡೋ ಕ್ರೂಸರ್‌ಗಳ 52 ಡಿಗ್ರಿಯ ಎಂಜಿನ್‌ಗಳಲ್ಲಿ ಪಿನ್‌ಗಳ ನಡುವೆ 76 ಡಿಗ್ರಿ ಇಟ್ಟದ್ದು ಈ ಸೂತ್ರದಂತೆ. ತಾಂತ್ರಿಕವಾಗಿ ಅಚ್ಚುಕಟ್ಟಾದ ಪರಿಹಾರ. ಕೊಳ್ಳುವವರು ಮಾತ್ರ ಹಾರ್ಲೆಯ ಸದ್ದು ಎಲ್ಲಿ ಎಂದು ಕೇಳಿದರು! 1995ರ ಶ್ಯಾಡೋ ಏಸ್ 1100ರಲ್ಲಿ ಹೋಂಡಾ ಮತ್ತೆ ಒಂದೇ ಪಿನ್ನಿಗೆ ಮರಳಿತು. ಹೆಚ್ಚು ಅದುರಾಟವನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡಿತು. ಅದುರಾಟವನ್ನು ದೋಷವೆಂದು ಮಾತ್ರ ನೋಡಿದರೆ ಕ್ರೂಸರ್‌ನ ಕಥೆ ಅರ್ಥವಾಗುವುದಿಲ್ಲ.

ಅದುರಾಟ ಹುಟ್ಟಿದ ಮೇಲೆ ಅದು ಸವಾರನನ್ನು ತಲುಪುವುದು ಎಂಜಿನ್ ಮೌಂಟಿನ, ಅಂದರೆ ಎಂಜಿನನ್ನು ಚಾಸಿಗೆ ಹಿಡಿಸುವ ಜೋಡಣೆಯ, ಮೂಲಕ. ಮೊದಲ ಮತ್ತು ಹಳೆಯ ದಾರಿ, ಎಂಜಿನನ್ನು ನೇರವಾಗಿ ಚಾಸಿಗೆ ಬೋಲ್ಟು ಮಾಡುವುದು. ಆಗ ಲೋಹದ ಆ ದಪ್ಪ ದಿಮ್ಮಿಯೂ ಚಾಸಿಯ ಭಾಗವೇ ಆಗಿ ಅದನ್ನು ಗಟ್ಟಿಗೊಳಿಸುತ್ತದೆ. ಸವಾರನ ಕೈ, ಕಾಲು, ಸೊಂಟ, ಜೊತೆಗೆ ನಂಬರ್ ಪ್ಲೇಟು, ಕನ್ನಡಿ, ಬಲ್ಬಿನ ತಂತು, ಎಲ್ಲವೂ ಅದಕ್ಕೆ ಬೆಲೆ ತೆರುತ್ತವೆ. ಹಳೆಯ ಬೈಕಿನವರು ನಟ್ಟು ಬೋಲ್ಟುಗಳನ್ನು ಆಗಾಗ ಬಿಗಿ ಮಾಡುತ್ತಿದ್ದುದು ಹವ್ಯಾಸಕ್ಕಲ್ಲ.

ಎರಡನೆಯ ದಾರಿ ರಬ್ಬರ್ ಮೌಂಟ್. 1967ರಲ್ಲಿ ಬೆಳಕಿಗೆ ಬಂದ ನಾರ್ಟನ್ ಕಮಾಂಡೋ ಕ್ರೂಸರ್ ಅಲ್ಲ, ಆದರೆ ಈ ಯೋಚನೆಯನ್ನು ಗಂಭೀರವಾಗಿ ಜಾರಿಗೆ ತಂದ ಪ್ರಸಿದ್ಧ ಬೈಕು. ಎಂಜಿನ್, ಗೇರ್‌ಬಾಕ್ಸ್, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದ ತೋಳು) ಮೂರನ್ನೂ ಒಂದು ಗುಂಪಾಗಿ ಜೋಡಿಸಿ, ಆ ಇಡೀ ಗುಂಪನ್ನು ರಬ್ಬರಿನ ಮೂಲಕ ಚಾಸಿಗೆ ಕೂರಿಸಿದ್ದರು. ಹಾರ್ಲೆ 1980ರ ಟೂರ್ ಗ್ಲೈಡ್‌ನಲ್ಲಿ ರಬ್ಬರ್ ಮೌಂಟ್ ತಂದಿತು; ಆಮೇಲೆ ಹಾರ್ಲೆಯದೇ ಎಫ್‌ಎಕ್ಸ್‌ಆರ್, ಡೈನಾ, ಕೊನೆಗೆ 2004ರಲ್ಲಿ ಸ್ಪೋರ್ಟ್‌ಸ್ಟರ್ ಸಾಲು ಅದೇ ದಾರಿ ಹಿಡಿದವು.

ರಬ್ಬರಿನ ಮೇಲೆ ಕೂತ ಎಂಜಿನ್ನಿಗೆ ತನ್ನದೇ ಒಂದು ಸಹಜ ಕಂಪನ ಇರುತ್ತದೆ. ಅದು ಸೆಕೆಂಡಿಗೆ 12 ಸಲ ಎಂದುಕೊಳ್ಳೋಣ. ಐಡ್ಲಿಂಗ್‌ನಲ್ಲಿ, ಅಂದರೆ 900 ಆರ್‌ಪಿಎಂ ಸುಮಾರಿಗೆ, ಎಂಜಿನ್ ಸೆಕೆಂಡಿಗೆ 15 ಸಲ ತಿರುಗುತ್ತದೆ. ಎರಡೂ ಹತ್ತಿರ ಹತ್ತಿರ ಇರುವುದರಿಂದ ಅಲುಗಾಟ ಕಡಿಮೆಯಾಗುವ ಬದಲು ಹಿಗ್ಗುತ್ತದೆ. ಸಿಗ್ನಲ್‌ನಲ್ಲಿ ನಿಂತ ಹಳೆಯ ಡೈನಾದ ಹ್ಯಾಂಡಲ್ಲೂ ಮಡ್‌ಗಾರ್ಡೂ ಕುಣಿಯುವುದು ಇದಕ್ಕೆ. ಅದೇ 2500 ಆರ್‌ಪಿಎಂಗೆ ಬಂದಾಗ ಎಂಜಿನ್ನಿನ ಕಂಪನ ಸೆಕೆಂಡಿಗೆ 42ರ ಸುಮಾರು. ಆಗ ಚಾಸಿಗೆ ದಾಟುವುದು ಹತ್ತನೇ ಒಂದು ಭಾಗದಷ್ಟು ಮಾತ್ರ. ನಿಂತಾಗ ನಡುಗಿ, ಓಡುವಾಗ ಶಾಂತವಾಗುವ ಬೈಕು ಕೆಟ್ಟಿಲ್ಲ, ತನ್ನ ವಿನ್ಯಾಸದಂತೆಯೇ ನಡೆಯುತ್ತಿದೆ.

ಹ್ಯಾಂಡ್ಲಿಂಗಿನ ಕಷ್ಟ ಶುರುವಾಗುವುದು ಇಲ್ಲಿಂದ. ಸ್ವಿಂಗ್‌ಆರ್ಮ್ ಗೇರ್‌ಬಾಕ್ಸಿಗೆ ಅಂಟಿಕೊಂಡಿದ್ದು, ಗೇರ್‌ಬಾಕ್ಸ್ ರಬ್ಬರಿನ ಮೇಲೆ ಕೂತಿದ್ದರೆ, ಹಿಂದಿನ ಚಕ್ರವೂ ರಬ್ಬರಿನ ಮೂಲಕವೇ ಬೈಕಿಗೆ ಸೇರಿಕೊಂಡಂತಾಯಿತು. ಮುಂದಿನ ಚಕ್ರ ಒಂದು ನೇರದಲ್ಲಿ, ಹಿಂದಿನದು ಕೂದಲೆಳೆಯಷ್ಟು ಬೇರೆ ನೇರದಲ್ಲಿ. ವೇಗವಾಗಿ ಉದ್ದ ತಿರುವನ್ನು ದಾಟುವಾಗ ಬೈಕಿನ ಹಿಂಭಾಗ ಸೆಕೆಂಡಿಗೆ ಎರಡು ಮೂರು ಸಲ ಅತ್ತಿತ್ತ ತೂಗತೊಡಗುತ್ತದೆ. ಎಂಜಿನ್ ಮೇಲೆ ಕೆಳಗೆ ಅಲುಗಾಡಲು ಬಿಟ್ಟು ಪಕ್ಕಕ್ಕೆ ಮಾತ್ರ ಸರಿಯದಂತೆ ಹಿಡಿಯಲು ಕೊಂಡಿಗಳನ್ನು ಹಾಕಿರುತ್ತಾರೆ. ಎಫ್‌ಎಕ್ಸ್‌ಆರ್‌ನಲ್ಲಿ ಈ ಕೆಲಸ ಚೆನ್ನಾಗಿ ಆಗಿತ್ತು, ಅದರ ಹ್ಯಾಂಡ್ಲಿಂಗನ್ನು ಇಂದಿಗೂ ಹೊಗಳುವವರಿದ್ದಾರೆ. ಕೊಂಡಿಗಳು ಸವೆದರೆ ಮಾತ್ರ ಯಾವ ವಿನ್ಯಾಸವೂ ಉಳಿಯುವುದಿಲ್ಲ.

ಮೂರನೆಯ ದಾರಿ ಬ್ಯಾಲೆನ್ಸರ್. ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ, ಅಷ್ಟೇ ವೇಗದಲ್ಲಿ ತಿರುಗುವ ಒಂದು ತೂಕದ ಶಾಫ್ಟ್. ಉಳಿದ ಬಲವನ್ನು ಅದು ಹುಟ್ಟಿದಲ್ಲೇ ಕೊಲ್ಲುತ್ತದೆ. ಕ್ರ್ಯಾಂಕ್ ಇರುವ ಜಾಗದಲ್ಲೇ ಇನ್ನೊಂದು ಶಾಫ್ಟ್ ಇಡಲಾಗದು, ಪಕ್ಕಕ್ಕೆ ಇಟ್ಟರೆ ಎಂಜಿನ್ ತೊನೆದಾಡುತ್ತದೆ. ಹಾಗಾಗಿ ಪೂರ್ತಿ ನಯ ಬೇಕಾದವರು ಹಿಂದೊಂದು ಮುಂದೊಂದು ಇಟ್ಟು ತೂಗಿಸುತ್ತಾರೆ. ಹಾರ್ಲೆಯ ಟ್ವಿನ್ ಕ್ಯಾಮ್ ಎಂಜಿನ್ 1999ರ ಮಾದರಿಗಳಲ್ಲಿ ಬಂದಾಗ ರಬ್ಬರ್ ಮೌಂಟ್ ಇದ್ದ ಬೈಕ್‌ಗಳಿಗೆ ಮೊದಲು ಸಿಕ್ಕಿತು. ಎಂಜಿನನ್ನು ಬಿಗಿಯಾಗಿ ಕಟ್ಟುತ್ತಿದ್ದ ಹಾರ್ಲೆಯ ಇನ್ನೊಂದು ಸಾಲು ಸಾಫ್ಟೇಲ್ ಒಂದು ವರ್ಷ ಕಾಯಬೇಕಾಯಿತು. 2000ದಲ್ಲಿ ಅದಕ್ಕಾಗಿಯೇ ಎರಡು ಬ್ಯಾಲೆನ್ಸರ್ ಇರುವ 88ಬಿ ಎಂಜಿನ್ ಬಂತು.

2017ರ ಟೂರಿಂಗ್ ಮಾದರಿಗಳಿಗೆ ಬಂದ ಮಿಲ್ವಾಕಿ-ಎಯ್ಟ್ ಎಂಜಿನ್ನಿನಲ್ಲಿ ಒಂದೇ ಬ್ಯಾಲೆನ್ಸರ್ ಇಟ್ಟು, ಐಡ್ಲಿಂಗ್‌ನ ಮುಖ್ಯ ಅದುರಾಟದಲ್ಲಿ ಶೇ 75ರಷ್ಟನ್ನು ಮಾತ್ರ ತೆಗೆದದ್ದು ಗಮನಿಸಬೇಕಾದ ಸಂಗತಿ. ಉಳಿದ ಕಾಲು ಭಾಗವನ್ನು ಬೈಕಿನ ನಾಡಿ ಕೈಗೆ ಸಿಗಲೆಂದು ಬಿಟ್ಟರು. ಅಲ್ಲಿ ರಬ್ಬರ್ ಮೌಂಟೂ ಇತ್ತು. 2018ರ ಸಾಫ್ಟೇಲ್‌ನಲ್ಲಿ ಎರಡು ಬ್ಯಾಲೆನ್ಸರ್ ಹಾಕಿ ಎಂಜಿನನ್ನು ಬಿಗಿಯಾಗಿ ಬೋಲ್ಟು ಮಾಡಿದರು. ಡೈನಾ ಸಾಲನ್ನು ನಿಲ್ಲಿಸಿ ಅದರ ಕೆಲವು ಮಾದರಿಗಳನ್ನು ಇದೇ ಚಾಸಿಗೆ ತಂದರು. ಹೊಸ ಚಾಸಿ ಹಳೆಯ ಸಾಫ್ಟೇಲ್‌ನದಕ್ಕಿಂತ ಶೇ 65ರಷ್ಟು ಹೆಚ್ಚು ಗಡುಸು ಎಂದು ಕಂಪನಿ ಹೇಳಿಕೊಂಡಿತು. ಅದುರದ ಎಂಜಿನ್ ಸಿಕ್ಕ ಮೇಲೆ ಅದನ್ನೇ ಚಾಸಿಯ ಆಧಾರವಾಗಿ ಬಳಸಬಹುದು. 2021ರ ಸ್ಪೋರ್ಟ್‌ಸ್ಟರ್ ಎಸ್ ಇದನ್ನು ಕೊನೆಯ ತನಕ ಒಯ್ದಿತು. ಅಲ್ಲಿ ಎಂಜಿನ್ನೇ ಬೆನ್ನೆಲುಬು, ಚಾಸಿಯ ತುಂಡುಗಳನ್ನು ಅದಕ್ಕೆ ಜೋಡಿಸಿದ್ದಾರೆ.

ಒಂದೇ ಸಿಲಿಂಡರಿನಲ್ಲೂ ಇದೇ ನಡೆದಿದೆ. ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350ಯ ಹಳೆಯ ಎಂಜಿನ್ನಿಗೆ 70 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳಗಿನ ಅಗಲ), 90 ಮಿಲಿಮೀಟರ್ ಸ್ಟ್ರೋಕ್ ಇತ್ತು. ಅದರ ಜಾಗಕ್ಕೆ 2020ರಲ್ಲಿ ಬಂದ ಮೀಟಿಯರ್ 350ಯದು 72 ಮತ್ತು 85.8. ಶಕ್ತಿಯಲ್ಲಿ ಹೇಳಿಕೊಳ್ಳುವಂತಹ ಅಂತರವಿಲ್ಲ, ಎರಡೂ 20 ಅಶ್ವಶಕ್ತಿಯ ಆಸುಪಾಸಿನವೇ. ಆದರೆ ಹೊಸದಕ್ಕೆ ಬ್ಯಾಲೆನ್ಸರ್ ಶಾಫ್ಟ್ ಇದೆ, ಎಂಜಿನ್ನಿನ ಮುಂದಿನಿಂದ ಇಳಿಯುವ ಒಂಟಿ ಕೊಳವೆಯ ಬದಲು ಜೋಡಿ ಕೊಳವೆಯ ಚಾಸಿ ಇದೆ. ಎರಡನ್ನೂ ಓಡಿಸಿದವರಿಗೆ ಅನಿಸುವ ಅಂತರ ಅಶ್ವಶಕ್ತಿಯ ಅಂಕಿಯಲ್ಲಿ ಕಾಣದಿರುವುದು ಇದರಿಂದ.

ಬ್ಯಾಲೆನ್ಸರ್ ಇದ್ದ ಮೇಲೂ ಕೆಲವು ಹೊಸ ಬೈಕ್‌ಗಳಲ್ಲಿ ಹಿಡಿಕೆ ಜುಮ್ಮೆನ್ನುತ್ತದಲ್ಲ? ಪಿಸ್ಟನ್ ಮೇಲಿನ ಅರ್ಧದಲ್ಲಿ ಚಲಿಸುವ ರೀತಿಗೂ ಕೆಳಗಿನ ಅರ್ಧದಲ್ಲಿ ಚಲಿಸುವ ರೀತಿಗೂ ತುಸು ವ್ಯತ್ಯಾಸವಿದೆ. ಅದರಿಂದ ಕ್ರ್ಯಾಂಕಿನ ಎರಡರಷ್ಟು ವೇಗದ ಇನ್ನೊಂದು ಕಂಪನ ಹುಟ್ಟುತ್ತದೆ; ಅದರ ಬಲ ಮುಖ್ಯ ಕಂಪನದ ಕಾಲು ಭಾಗದಷ್ಟು. ಕ್ರ್ಯಾಂಕಿನ ವೇಗದಲ್ಲಿ ತಿರುಗುವ ಬ್ಯಾಲೆನ್ಸರ್ ಇದನ್ನು ಮುಟ್ಟುವುದಿಲ್ಲ. 6000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 200 ಸಲ. ಅಂಗೈಯ ಚರ್ಮದೊಳಗೆ ಕಂಪನವನ್ನು ಗ್ರಹಿಸುವ ನರತುದಿಗಳು ಅತಿ ಚುರುಕಾಗಿರುವುದೂ ಸುಮಾರು 200ರಿಂದ 300ರ ನಡುವೆಯೇ. ಹಳೆಯ ಬೈಕಿನ ದೊಡ್ಡ, ನಿಧಾನದ ಕುಲುಕಾಟವನ್ನು ದೇಹ ಸಹಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ, ವೇಗದ ಗುಂಯ್ಗುಟ್ಟುವಿಕೆ ಒಂದು ಗಂಟೆಯಲ್ಲಿ ಬೆರಳುಗಳನ್ನು ಮರಗಟ್ಟಿಸಬಲ್ಲದು. ಎರಡು ಪಿಸ್ಟನ್‌ಗಳನ್ನು ಕ್ರ್ಯಾಂಕಿನ ಮೇಲೆ 270 ಡಿಗ್ರಿ ಅಂತರದಲ್ಲಿ ಕೂರಿಸಿದ ಸೂಪರ್ ಮೀಟಿಯರ್ 650ಯಂತಹ ಎಂಜಿನ್ನುಗಳಲ್ಲಿ ಈ ಎರಡನೆಯ ಕಂಪನದ ಬಲ ತಾನಾಗಿಯೇ ರದ್ದಾಗುತ್ತದೆ. ಹಿಡಿಕೆಗೆ ಮೊಬೈಲ್ ಸಿಕ್ಕಿಸುವವರಿಗೆ ಒಂದು ಮಾತು: ಬೈಕ್ ಎಂಜಿನ್ನಿನ ತೀವ್ರ ಕಂಪನ ಐಫೋನ್ ಕ್ಯಾಮೆರಾದ ಚಿತ್ರ ಸ್ಥಿರಗೊಳಿಸುವ ಭಾಗವನ್ನು ಕೆಡಿಸಬಹುದು ಎಂದು ಆ್ಯಪಲ್ 2021ರಲ್ಲಿ ಎಚ್ಚರಿಸಿತ್ತು.

ಚಾಸಿ ಗಡುಸಾಗಿಬಿಟ್ಟರೆ ಹ್ಯಾಂಡ್ಲಿಂಗ್ ಪೂರ್ತಿ ಸರಿಹೋಗುತ್ತದೆಯೇ? ಇಲ್ಲ, ಕ್ರೂಸರ್‌ನ ಆಕಾರವೇ ಒಂದಿಷ್ಟು ಅಡ್ಡಬರುತ್ತದೆ. ಮುಂದಕ್ಕೆ ಚಾಚಿದ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದ ಕವಲು), ಉದ್ದವಾದ ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ದೂರ), ನೆಲಕ್ಕೆ ಹತ್ತಿರದ ಸೀಟು ಇದರ ಅಂದ. ಫೋರ್ಕ್ ಹೆಚ್ಚು ಓರೆಯಾಗಿದ್ದರೆ ಬೈಕು ನೇರ ರಸ್ತೆಯಲ್ಲಿ ಅಲುಗದೆ ಸಾಗುತ್ತದೆ, ಆದರೆ ನಿಧಾನಕ್ಕೆ ತಿರುಗಿಸುವಾಗ ಹ್ಯಾಂಡಲ್ ಒಂದು ಬದಿಗೆ ತಾನೇ ಬಿದ್ದುಹೋಗುತ್ತದೆ. ಹೊಸ ಕ್ರೂಸರ್‌ಗಳಲ್ಲಿ ಕೆಲವು ಈ ಕೋನವನ್ನು ತಗ್ಗಿಸಿವೆ. ಟ್ರಯಂಫ್‌ನ ಹಳೆಯ ರಾಕೆಟ್‌ನಲ್ಲಿ ಅದು 32 ಡಿಗ್ರಿ ಇತ್ತು. 2019ರಲ್ಲಿ ಬಂದ 2458 ಸಿಸಿಯ ಹೊಸ ರಾಕೆಟ್ 3ರಲ್ಲಿ 27.9ಕ್ಕೆ ಇಳಿದಿದೆ. ಬೈಕಿನ ತೂಕವೂ 40 ಕಿಲೋದಷ್ಟು ಕರಗಿದೆ. ಹಾರ್ಲೆಯ ಬ್ರೇಕ್‌ಔಟ್ ಮಾತ್ರ 34 ಡಿಗ್ರಿಯನ್ನು ಬಿಟ್ಟುಕೊಟ್ಟಿಲ್ಲ, ಹಿಂದೆ 240 ಮಿಲಿಮೀಟರ್ ಅಗಲದ ಟೈರು ಬೇರೆ. ಅಗಲ ಟೈರಿನ ಬೈಕು ಬಾಗಿದಾಗ ನೆಲ ಮುಟ್ಟುವ ಜಾಗ ಪಕ್ಕಕ್ಕೆ ಸರಿಯುವುದರಿಂದ, ಅದೇ ತಿರುವನ್ನು ದಾಟಲು ಇನ್ನಷ್ಟು ಬಾಗಬೇಕಾಗುತ್ತದೆ. ಬೈಕು ತಗ್ಗಾಗಿದ್ದಷ್ಟೂ ಈ ಕಾಟ ಹೆಚ್ಚು.

ಬಾಗಲು ಜಾಗವೇ ಇಲ್ಲದಿರುವುದು ಕ್ರೂಸರ್‌ನ ದೊಡ್ಡ ಮಿತಿ. ಗಂಟೆಗೆ 60 ಕಿಲೋಮೀಟರಿನಲ್ಲಿ 30 ಡಿಗ್ರಿ ಬಾಗಿದರೆ ಸುಮಾರು 49 ಮೀಟರ್ ತ್ರಿಜ್ಯದ ತಿರುವನ್ನು ದಾಟಬಹುದು. 40 ಡಿಗ್ರಿ ಬಾಗಲು ಸಾಧ್ಯವಾದರೆ 34 ಮೀಟರಿನದನ್ನು. ಅನೇಕ ಕ್ರೂಸರ್‌ಗಳಲ್ಲಿ 30 ಡಿಗ್ರಿ ತಲುಪುವ ಹೊತ್ತಿಗೆ ಫುಟ್‌ರೆಸ್ಟ್ ನೆಲ ಕೆರೆಯತೊಡಗುತ್ತದೆ. ಮಡಚಿಕೊಳ್ಳುವ ಫುಟ್‌ರೆಸ್ಟ್ ಕೆರೆದರೆ ಅದು ಎಚ್ಚರಿಕೆ. ಅದಾದ ಮೇಲೆ ಸೈಲೆನ್ಸರೋ ಚಾಸಿಯೋ ತಾಗಿದರೆ ಟೈರು ನೆಲದಿಂದ ಎದ್ದು ಬೈಕು ಜಾರುತ್ತದೆ. ಎಷ್ಟೇ ನಯವಾದ ಎಂಜಿನ್ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಹೊಸ ಬೈಕಿನ ನಯ ವೇಗವನ್ನು ಮರೆಸಿ, ಸವಾರನನ್ನು ಈ ಮಿತಿಗೆ ಗೊತ್ತಾಗದಂತೆ ಕರೆದೊಯ್ಯುವ ಅಪಾಯವೂ ಇದೆ ಎಂಬುದು ನನ್ನ ಅನಿಸಿಕೆ. ಹಳೆಯದು ಅದಕ್ಕೆ ಮೊದಲೇ ನಡುಗಿ ತಡೆಯುತ್ತಿತ್ತು.

ಹಳೆಯ ಬೈಕನ್ನು ಓಡಿಸಿ ನೋಡಿ ಅದು ಅದುರುತ್ತದೆ ಎನ್ನುವ ಮುನ್ನ, ಆ ಅದುರಾಟ ವಿನ್ಯಾಸದ್ದೋ ಸವೆತದ್ದೋ ಎಂದು ಬೇರ್ಪಡಿಸಬೇಕು. ಖಾಲಿ ನೇರ ರಸ್ತೆಯಲ್ಲಿ, ಅದುರಾಟ ಶುರುವಾಗುವ ವೇಗದಲ್ಲಿ ಕ್ಲಚ್ ಹಿಡಿದು ಎಂಜಿನ್ ಐಡ್ಲಿಂಗಿಗೆ ಇಳಿಯಲು ಬಿಡಿ. ಅದುರಾಟ ನಿಂತರೆ ಮೂಲ ಎಂಜಿನ್ ಅಥವಾ ಮೌಂಟು. ಬೈಕಿನ ವೇಗದೊಂದಿಗೆ ಮುಂದುವರಿದರೆ ಟೈರು, ರಿಮ್ಮು, ಚಕ್ರದ ಬೇರಿಂಗ್ ನೋಡಬೇಕು. ಅದುರಾಟಕ್ಕಿಂತ ಹ್ಯಾಂಡಲ್ ಒದ್ದಾಟವೇ ಹೆಚ್ಚಾಗಿದ್ದರೆ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ಆಚೀಚೆ ತಿರುಗಿಸಿ; ನಡುವೆ ಎಲ್ಲಾದರೂ ಕಚ್ಚಿ ನಿಂತಂತಾದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್) ಹೋಗಿದೆ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಿಸಿದಾಗ ಸಡಿಲ ಕಂಡರೆ ಸ್ವಿಂಗ್‌ಆರ್ಮ್ ಬುಷ್ ಅಥವಾ ಚಕ್ರದ ಬೇರಿಂಗ್ ಸವೆದಿರುತ್ತದೆ. ಹಿಡಿಕೆಯ ತುದಿಗೆ ತೂಕ ಹಾಕಿಸುವುದು ಒಂದು ಆರ್‌ಪಿಎಂನಲ್ಲಿ ಕೈಗೆ ಹಿತ ಕೊಟ್ಟು ಇನ್ನೊಂದರಲ್ಲಿ ಕಾಟ ಕೊಡಬಹುದು, ಏಕೆಂದರೆ ತೂಕ ಹಿಡಿಕೆಯ ಸಹಜ ಕಂಪನವನ್ನು ಬೇರೆಡೆಗೆ ಸರಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ರಬ್ಬರ್ ಮೌಂಟುಗಳು ಓಡಿದ ದೂರದಿಂದ ಮಾತ್ರವಲ್ಲ, ಬರೀ ವಯಸ್ಸಿನಿಂದಲೂ ಗಟ್ಟಿಯಾಗಿ ಬಿರಿಯುತ್ತವೆ. ಇಪ್ಪತ್ತು ವರ್ಷದ ಬೈಕಿನ ಮೀಟರಿನಲ್ಲಿ ಎಷ್ಟೇ ಕಡಿಮೆ ಕಿಲೋಮೀಟರ್ ಇದ್ದರೂ, ದುಬಾರಿ ಶಾಕ್ ಅಬ್ಸಾರ್ಬರಿಗೆ ಹಣ ಸುರಿಯುವ ಮುನ್ನ ಅವನ್ನು ಬದಲಿಸಿ ಒಮ್ಮೆ ಓಡಿಸಿ ನೋಡುವುದು ಲೇಸು.